ಕಾವಲಿನ ಸಂಧಾನ

ಹೊಗೆ ಬಾರದ ಒಲೆ ಕಟ್ಟಿಸುವುದು, ಬಾಣಂತಿಯರಿಗೆ ಹಾಲಿನ ಪುಡಿ ಹಂಚುವುದು, ಹೆಂಗಸರನ್ನು ಕೂರಿಸಿಕೊಂಡು ಹೊಲಿಗೆ ಹೇಳಿಕೊಡುವುದು. ಗ್ರಾಮಸೇವಕಿಯರ ತರಬೇತಿಯಲ್ಲಿ ನನಗೆ ಕಲಿಸಿದ್ದು ಇಷ್ಟು. ಸರ್ಕಾರದ ಮೇಲೆ ತಿರುಗಿಬಿದ್ದ ಊರಿಗೆ ಹೋಗಿ ರಾಜಿ ಮಾಡಿಸಿಕೊಂಡು ಬಾ ಎಂದು ಹೇಳಿದಾಗ ಯಾವ ಪಾಠ ನೆನಪಿಸಿಕೊಳ್ಳಬೇಕೋ ತಿಳಿಯಲಿಲ್ಲ. ಆಗೋಲ್ಲ ಎನ್ನಲು ನನಗೆ ಬಾಯಿ ಇತ್ತು, ಧಾರಾಳವಾಗಿಯೇ ಇತ್ತು. ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಗುಬ್ಬಿ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ಅಲ್ಲೊಂದು ಊರಿನ ಪಕ್ಕದಲ್ಲಿ ಸರ್ಕಾರದ ಕಾವಲು, ಅಂದರೆ ಹಿಂದೆ ಯಾವಾಗಲೋ ಸರ್ಕಾರಿ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಊರಿನವರು ಅದರ ಒಂದು ಅಂಚನ್ನು ತಂದೆಯರ ಕಾಲದಿಂದ ಉತ್ತು ರಾಗಿ ಬೆಳೆಯುತ್ತಿದ್ದರು. ಅಲ್ಲಿ ದನದ ಫಾರಂ ಮಾಡುವುದೆಂದು ಸರ್ಕಾರ ತೀರ್ಮಾನಿಸಿತು. ಜಾಗ ಬಿಡಿ ಎಂದರು, ಇವರು ಬಿಡಲಿಲ್ಲ. ಒಂದು ದಿನ ಕಚೇರಿಯವರು ಪೊಲೀಸರ ಜೊತೆ ಬಂದು ನಿಂತ ಪೈರಿಗೆ ದನ ನುಗ್ಗಿಸಿದರು. ಊರಿಗೆ ಊರೇ ಎದ್ದು ಅವರನ್ನು ಅಟ್ಟಿತು. ಆ ಗಲಾಟೆಯಲ್ಲಿ ಒಂದು ಕಲ್ಲು ಬಿದ್ದು ಒಬ್ಬ ಪೇದೆಯ ಕಣ್ಣು ಹೋಯಿತು.

ಅಲ್ಲಿಂದ ಮುಂದೆ ಅದು ರಾಗಿಯ ಜಗಳವಾಗಿ ಉಳಿಯಲಿಲ್ಲ. ಗಂಡಸರ ಮೇಲೆ ವಾರಂಟು ಹೊರಟಿತು. ಅವರು ಕಾವಲಿನ ಲಂಟಾನದ ಪೊದೆಗಳೊಳಗೆ ಸೇರಿಕೊಂಡರು. ಹೆಂಗಸರು ಊರಲ್ಲೇ ಉಳಿದು, ಜೀಪು ಬಾರದಂತೆ ಗಾಡಿದಾರಿಗೆ ಅಡ್ಡಲಾಗಿ ಹಳ್ಳ ತೋಡಿ, ಕುಡುಗೋಲು ಹಿಡಿದು ಕೂತರು. ಮುಖ್ಯರಸ್ತೆಯಲ್ಲಿ ಪೊಲೀಸರು ಡೇರೆ ಹಾಕಿದರು. ದನಗಳ ಬಾಯಿಂದ ಉಳಿದ ರಾಗಿ ತೆನೆ ಬಲಿಯುತ್ತಾ ಬಂತು.

ತುಮಕೂರಿನಲ್ಲಿ ಎ.ಸಿ. ಸಾಹೇಬರು, ಅಂದರೆ ಅಸಿಸ್ಟೆಂಟ್ ಕಮಿಷನರು, ನನ್ನನ್ನು ಕರೆಸಿಕೊಂಡರು. ಚಿಕ್ಕ ವಯಸ್ಸಿನ ಅಧಿಕಾರಿ. ಯಾರ ಮೇಲೂ ದನಿ ಎತ್ತದ ಮನುಷ್ಯ. ಆ ಊರಿನ ಹೆಂಗಸರು ಹಳ್ಳ ದಾಟಿಸಿ ಒಳಗೆ ಬಿಡುವುದಿದ್ದರೆ ಅದು ನನ್ನನ್ನು ಮಾತ್ರ ಎಂದು ಅವರಿಗೆ ಯಾರೋ ಹೇಳಿದ್ದರು. ಪಕ್ಕದಲ್ಲಿ ಇನ್‌ಸ್ಪೆಕ್ಟರು ಕೂತಿದ್ದರು. ಅವರಿಗೆ ಈ ಮಾತುಕತೆಯೇ ಬೇಕಿರಲಿಲ್ಲ. "ನನ್ನ ಹುಡುಗನ ಕಣ್ಣು ಹೋಗಿದೆ ಸಾರ್, ನೀವು ಒಲೆ ಕಟ್ಟೋ ಹೆಂಗಸನ್ನ ಕಳಿಸ್ತಿದೀರಿ" ಎಂದರು. ನನಗೆ ಉರಿದುಹೋಯಿತು. ಆದರೂ ಕಣ್ಣಿನ ಮಾತು ಸುಳ್ಳಲ್ಲವಲ್ಲ.

ನಮ್ಮ ಮನೆ ಶಿರಾ ಗೇಟಿನ ಹತ್ತಿರ ಬಾಡಿಗೆಯದು. ನನ್ನ ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರು. ವಿಷಯ ಹೇಳಿದೆ. ಅವರು ಬಹಳ ಹೊತ್ತು ನಕ್ಕರು, ಆಮೇಲೆ ನಗು ನಿಲ್ಲಿಸಿ, ಎರಡು ಕಡೆಯವರೂ ಹೊಡೆಯೋದು ನಿನಗೇ ಕಣೇ ಎಂದರು. ಆ ರಾತ್ರಿ ಅವರ ಜೊತೆ ಜಗಳವಾಡಿದೆ. ಅವರು ಹೇಳಿದ್ದು ಸರಿ ಎಂದು ನನಗೆ ಗೊತ್ತಿದ್ದರಿಂದಲೇ ಜಗಳವಾಡಿದೆ.

ಕೆಲಸ ನಡೆಯುತ್ತಿದ್ದುದು ಹೀಗೆ. ಬಸ್ಸಿನಿಂದ ಡೇರೆಯ ಹತ್ತಿರ ಇಳಿಯುವುದು. ಕೈಚೀಲವನ್ನು ಅಲ್ಲೇ ಇಟ್ಟು, ಬರಿಗೈಯಲ್ಲಿ ಗಾಡಿದಾರಿ ಹಿಡಿದು ನಡೆಯುವುದು. ಹಳ್ಳದ ಈಚೆ ನಿಂತು ಕೂಗುವುದು. ಆಚೆಯಿಂದ ಹೆಂಗಸರು ಹಲಗೆ ಹಾಕುತ್ತಿದ್ದರು, ನಾನು ದಾಟಿದ ಮೇಲೆ ಎಳೆದುಕೊಳ್ಳುತ್ತಿದ್ದರು. ವಾಪಸು ಬರುವಾಗ ಮತ್ತೆ ಹಾಕುತ್ತಿದ್ದರು. ಕಾಗದ ಪತ್ರ ಏನೂ ಇಲ್ಲ. ಬರೆದುಕೊಟ್ಟರೆ ಸರ್ಕಾರ ತಪ್ಪಿತಸ್ಥರ ಜೊತೆ ಕರಾರು ಮಾಡಿಕೊಂಡಂತೆ ಆಗುತ್ತದೆ ಎಂದು ಸಾಹೇಬರು ಬರೆಯಲಿಲ್ಲ. ಬರೆದದ್ದು ಏನೇ ಬಂದರೂ ಅದರಲ್ಲಿ ಮೋಸ ಇರುತ್ತದೆ ಎಂದು ಊರಿನವರು ಕೇಳಲಿಲ್ಲ. ಹಾಗಾಗಿ ಎಲ್ಲವೂ ನನ್ನ ಬಾಯಿಯ ಮೇಲೆ ನಿಂತಿತ್ತು.

ಬಾಯಿ ಮಾತು ದಾರಿಯಲ್ಲಿ ಬದಲಾಗುತ್ತದೆ ಎಂಬುದನ್ನು ಮೊದಲ ಸಲವೇ ಕಂಡೆ. "ಯಾರನ್ನೂ ಹೊಡೆಯೋದಿಲ್ಲ" ಎಂದು ಸಾಹೇಬರು ಹೇಳಿದ್ದನ್ನು ನಾನು ಹಾಗೆಯೇ ಹೇಳಿದೆ. ಅದು ಪೊದೆಯೊಳಗಿನ ಗಂಡಸರ ಕಿವಿಗೆ ಹೋಗುವ ಹೊತ್ತಿಗೆ ಯಾರನ್ನೂ ಹಿಡಿಯೋದಿಲ್ಲ ಎಂದಾಗಿತ್ತು. ಅಲ್ಲಿಂದಾಚೆಗೆ ಒಂದು ಪದ್ಧತಿ ಮಾಡಿಕೊಂಡೆ. ನಾನು ಹೇಳಿದ್ದನ್ನು ಕೇಳಿದವರು ತಿರುಗಿ ನನಗೇ ಹೇಳಬೇಕು. ತಪ್ಪಿದರೆ ಮತ್ತೆ ಹೇಳುತ್ತಿದ್ದೆ. ಸಾಹೇಬರಿಂದಲೂ ಹಾಗೇ ಹೇಳಿಸಿದೆ. ಇನ್‌ಸ್ಪೆಕ್ಟರು, ಇದೇನು ಮಗ್ಗಿ ಹೇಳಿಸುತ್ತಿದ್ದಾಳಾ ಇವಳು ಎಂದು ಗೊಣಗಿದರು.

ಊರಿನವರು ಕೇಳಿದ್ದು ಮೂರು. ರಾಗಿ ಕೊಯ್ದುಕೊಳ್ಳಲು ಬಿಡಬೇಕು, ಗಂಡಸರನ್ನು ಹೊಡೆಯಬಾರದು, ಭೂಮಿ ತಮಗೇ ಬರೆದುಕೊಡಬೇಕು. ಮೊದಲೆರಡಕ್ಕೆ ಸಾಹೇಬರು ಒಪ್ಪಿದರು. ಮೂರನೆಯದು ತಮ್ಮ ಕೈಲಿಲ್ಲ, ಅದರ ಬಗ್ಗೆ ಆಸೆ ಹುಟ್ಟಿಸುವಂಥ ಒಂದು ಮಾತೂ ಆಡಬೇಡ ಎಂದರು. ಗಂಡಸರು ಶರಣಾಗಬೇಕು ಎಂಬುದು ಅವರ ಷರತ್ತು. ಆಮೇಲೆ ಶುರುವಾಯಿತು, ಯಾರು ಮೊದಲು ಎಂಬ ಹಟ. ಗಂಡಸರು ಬರಲಿ, ರಾಗಿ ಕೊಯ್ಯಲು ಬಿಡುತ್ತೇವೆ ಎಂದು ಇವರು. ರಾಗಿ ಕೊಯ್ಯಲು ಬಿಡಿ, ಗಂಡಸರು ಬರುತ್ತಾರೆ ಎಂದು ಅವರು. ಈ ಎರಡು ಮಾತು ಹೊತ್ತುಕೊಂಡು ಹಲಗೆಯ ಮೇಲೆ ಎಷ್ಟು ಸಲ ಆ ಕಡೆ ಈ ಕಡೆ ಹೋದೆನೋ ನೆನಪಿಲ್ಲ. ನನ್ನ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲೇ ಓಡಾಡಿದ್ದು ಮಾತ್ರ ನೆನಪಿದೆ.

ಊರಿನ ಕಡೆಯಿಂದ ಮಾತಾಡುತ್ತಿದ್ದವಳು ಒಬ್ಬ ವಿಧವೆ. ಎಲ್ಲರೂ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳ ಒಬ್ಬನೇ ಮಗ ಪೊದೆಯೊಳಗಿನ ಗಂಡಸರ ಮುಂದಾಳು. ಅವ್ವ ಎಂದೂ ಬೈಯಲಿಲ್ಲ, ಅತ್ತಿದ್ದನ್ನೂ ನಾನು ನೋಡಲಿಲ್ಲ. ಆದರೆ ಮಾತು ಮುಗಿಸಿ ಹೊರಡುವಾಗ ಪ್ರತಿ ಸಲವೂ ನನ್ನ ಕೈ ಹಿಡಿದು ಒಂದೇ ಕೇಳುತ್ತಿದ್ದಳು: "ನನ್ನ ಮಗನ್ನ ಹೊಡ್ಯಾಕಿಲ್ಲ ತಾನೆ?" ಕೇಳಿದ್ದನ್ನೇ ಎಷ್ಟು ಸಲ ಕೇಳುತ್ತೀಯ ಅವ್ವ ಎಂದು ಒಮ್ಮೆ ರೇಗಿಬಿಟ್ಟೆ. ಅವಳು ಮುಂದಿನ ಸಲವೂ ಕೇಳಿದಳು.

ಕೊನೆಗೆ ಒಂದು ದಾರಿ ಕಾಣುವ ಹಾಗಾಯಿತು. ಊರ ಕೆರೆ ಏರಿಯ ಮೇಲೆ ಗಂಡಸರು ಬಂದು ಎ.ಸಿ. ಸಾಹೇಬರ ಕೈಗೆ ತಮ್ಮನ್ನು ಒಪ್ಪಿಸಿಕೊಳ್ಳುವುದು, ಪೊಲೀಸರ ಕೈಗಲ್ಲ. ಅದೇ ಹೊತ್ತಿಗೆ ಹೆಂಗಸರು ರಾಗಿಗೆ ಕುಡುಗೋಲು ಹಾಕುವುದು. ಯಾರು ಮೊದಲು ಎಂಬ ಪ್ರಶ್ನೆಯೇ ಇಲ್ಲ. ಇದನ್ನು ಹೇಳಲು ನಾನು ಹಳ್ಳ ದಾಟಿದ ದಿನ, ಹೆಂಡತಿಗೆ ಜ್ವರವೆಂದು ಔಷಧಿ ತರಲು ಗುಬ್ಬಿಗೆ ಹೋಗಿದ್ದ ಊರಿನವನೊಬ್ಬನನ್ನು ಪೊಲೀಸರು ಹಿಡಿದರು. ಸುದ್ದಿ ನನ್ನ ಹಿಂದೆಯೇ ಬಂತು. ನಾನು ವಾಪಸು ಹೊರಟರೆ ಹಲಗೆ ಇರಲಿಲ್ಲ.

"ಅವ್ನು ಬರೋಗಂಟ ನೀನು ಇಲ್ಲೇ ಇರು ತಾಯಿ" ಎಂದಳು ಅವ್ವ. "ನಿನ್ ಮ್ಯಾಲೆ ನಮ್ಗೇನೂ ಸಿಟ್ಟಿಲ್ಲ."

"ನಾನೇನು ಮೇಯೋಕೆ ಬಂದ ದನವಾ, ಹಿಡಿದು ದೊಡ್ಡಿಗೆ ಹಾಕೋಕೆ?" ಎಂದು ಕೂಗಾಡಿದೆ.

"ದನ ಆಗಿದ್ರೆ ಹಾಲಾದ್ರೂ ಕರ್ಕೋತಿದ್ವಿ" ಎಂದಳು ಹಿಂದೆ ನಿಂತಿದ್ದ ಒಬ್ಬಳು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಬಿಸಿ ಮುದ್ದೆ ಕೊಟ್ಟರು, ಹೊದೆಯಲು ಕಂಬಳಿ ಕೊಟ್ಟರು. ನಾನೇ ಮುಂದೆ ನಿಂತು ಕಟ್ಟಿಸಿದ್ದ ಒಲೆಯ ಪಕ್ಕದಲ್ಲಿ ಮಲಗಿದೆ. ನನಗೇನೂ ಮಾಡುವುದಿಲ್ಲ ಎಂದು ಗೊತ್ತಿತ್ತು, ಆದರೂ ಭಯವಾಯಿತು. ಇವರ ಕಡೆಯಿಂದಲ್ಲ, ಆ ಕಡೆಯಿಂದ. ಗ್ರಾಮಸೇವಕಿಯನ್ನು ಕೂಡಿಹಾಕಿದ್ದಾರೆ ಎಂಬ ನೆಪ ಒಂದು ಸಾಕಿತ್ತು ಇನ್‌ಸ್ಪೆಕ್ಟರಿಗೆ. ನನ್ನನ್ನು ಬಿಡಿಸಲೆಂದು ಬಂದೂಕು ಹಿಡಿದು ಬಂದರೆ ಈ ಮಕ್ಕಳು ಮರಿ ಎಲ್ಲಿಗೆ ಓಡಬೇಕು? ಇದನ್ನು ಅವ್ವನಿಗೂ ಹೇಳಿದೆ. ಅವಳು ತಲೆ ಆಡಿಸಿದಳೇ ಹೊರತು ಹಲಗೆ ಹಾಕಿಸಲಿಲ್ಲ.

ಎ.ಸಿ. ಸಾಹೇಬರು ತಾವೇ ಗುಬ್ಬಿಗೆ ಬಂದು ಆ ಮನುಷ್ಯನನ್ನು ಬಿಡಿಸಿದರಂತೆ. ಮಾರನೆಯ ದಿನ ಅವನು ಔಷಧಿ ಸೀಸೆ ಹಿಡಿದು ನಡೆದು ಬಂದ. ಹೆಂಗಸರಿಗೆ ನಾಚಿಕೆಯಾಯಿತು. ಮನೆಗೆ ಬಂದ ಹೆಣ್ಣುಮಗಳನ್ನು ಕೂಡಿಹಾಕಿ ಹಾಗೇ ಕಳಿಸಬಾರದೆಂದು ಮಡಿಲು ತುಂಬಲು ನಿಂತರು. ಅವ್ವ ವಿಧವೆಯಾದ್ದರಿಂದ ತಾನು ಮುಟ್ಟದೆ ದೂರ ನಿಂತು ಸೊಸೆಯ ಕೈಯಲ್ಲಿ ಮಾಡಿಸಿದಳು. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಬಳೆ, ಎಲೆ ಅಡಿಕೆ. ಅಕ್ಕಿ ಇಲ್ಲದ ಊರಲ್ಲಿ ಆ ಅಕ್ಕಿ ಯಾರ ಮನೆಯಿಂದ ಬಂತೋ ಕಾಣೆ.

ಸೆರಗು ಗಂಟು ಹಾಕಿಕೊಂಡು ಹೊರಟೆ. ಹೊಸ್ತಿಲು ದಾಟುವ ಮುಂಚೆ ನನಗೆ ಅರಿವಿಲ್ಲದೆಯೇ ತಿರುಗಿ, ಮಡಿಲಿನಿಂದ ಒಂದು ಹಿಡಿ ಅಕ್ಕಿ ತೆಗೆದು ಆ ಮನೆಯ ಮೊರದಲ್ಲಿ ಹಾಕಿದೆ. ಕುಣಿಗಲ್ಲಿನಲ್ಲಿ ನಮ್ಮಮ್ಮನ ಮನೆಯಿಂದ ಹೊರಡುವಾಗ ಪ್ರತಿ ಸಲ ಮಾಡುತ್ತಿದ್ದುದು ಅದು. ತವರು ಬರಿದಾಗದಿರಲಿ ಎಂದು ಹೆಣ್ಣುಮಕ್ಕಳು ಹಾಗೆ ವಾಪಸು ಹಾಕುತ್ತಾರೆ. ಬೇರೆಯವರ ಮನೆಯಲ್ಲಿ ಮಡಿಲು ತುಂಬಿದರೆ ಸುಮ್ಮನೆ ತೆಗೆದುಕೊಂಡು ಬರಬೇಕು. ಕೈ ಅಭ್ಯಾಸದಲ್ಲಿ ಮಾಡಿಬಿಟ್ಟಿತ್ತು. ಅವ್ವ ನನ್ನ ಮುಖವನ್ನೇ ನೋಡಿದಳು. ಆ ಹೊತ್ತಿನಿಂದ ನಾನು ಆ ಊರಿನ ಮಗಳಾಗಿಬಿಟ್ಟೆ, ಬೇಕೋ ಬೇಡವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಹಳ್ಳದವರೆಗೆ ಬಿಡಲು ಅವ್ವನ ಮಗನೇ ಬಂದ. ಅವನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸಣ್ಣ ಆಳು, ಗಡ್ಡ ಬೆಳೆದಿತ್ತು. ಹಲಗೆ ಹಾಕುತ್ತಾ ನಿಂತವನು, ನಾನು ಕೇಳದೆಯೇ ಹೇಳಿದ: "ಅಕ್ಕಾ, ಆ ಕಲ್ಲು ಹೊಡ್ದೋನು ನಾನು. ಕಣ್ಣಿಗೆ ಬೀಳ್ಲಿ ಅಂತ ಅಲ್ಲ. ಮನೆಯೋಳು ನೀನು, ನಿಂಗೆ ಗೊತ್ತಿರ್ಲಿ ಅಂತ ಹೇಳ್ದೆ."

ಯಾಕಪ್ಪಾ ಇದನ್ನು ನನಗೆ ಹೇಳಿದೆ ಎಂದು ಅವನನ್ನು ಹಿಡಿದು ಅಲ್ಲಾಡಿಸಬೇಕೆನಿಸಿತು. ಕೇಳಿದ್ದನ್ನು ಕಿವಿಯಿಂದ ವಾಪಸು ತೆಗೆಯಲು ಆಗುವುದಿಲ್ಲ.

ಡೇರೆಯ ಹತ್ತಿರ ಇನ್‌ಸ್ಪೆಕ್ಟರು ನನ್ನ ತುಂಬಿದ ಮಡಿಲು ನೋಡಿದರು. ಎಲ್ಲವೂ ಅರ್ಥವಾದವರ ಹಾಗೆ ನಕ್ಕು, ಬೀಗರ ಮನೆ ಊಟ ಚೆನ್ನಾಗಿತ್ತಾ ಎಂದು ಕೇಳಿದರು. ನಾನೂ ಸುಮ್ಮನಿರಲಿಲ್ಲ. ನೀವು ಔಷಧಿ ತರೋಕೆ ಹೋದವನನ್ನು ಹಿಡಿಯದಿದ್ದರೆ ನನಗೆ ಅಲ್ಲಿ ಊಟ ಮಾಡುವ ಗ್ರಹಚಾರ ಬರುತ್ತಿರಲಿಲ್ಲ ಎಂದೆ. ಆದರೆ ಅಂದಿನಿಂದ ನಾನು ಆ ಕಡೆಯವಳು ಎಂಬುದು ಅವರ ಮನಸ್ಸಿನಲ್ಲಿ ಕೂತುಹೋಯಿತು. ನನ್ನ ಮುಂದೆ ಮಾತಾಡುವುದನ್ನೇ ಕಡಿಮೆ ಮಾಡಿದರು.

ಏರಿಯ ಮೇಲೆ ಸೇರುವ ದಿನ ನಿಗದಿಯಾಯಿತು. ಎರಡೂ ಕಡೆಯಿಂದ ತಿರುಗಿ ಹೇಳಿಸಿದೆ. ಸಾಹೇಬರು ತಾವೇ ಬರುತ್ತಾರೆ, ಅವರ ಜೀಪಿನಲ್ಲೇ ಗಂಡಸರನ್ನು ತುಮಕೂರಿಗೆ ಕರೆದೊಯ್ಯುತ್ತಾರೆ. ಅವ್ವ ಇದನ್ನು ತಪ್ಪಿಲ್ಲದೆ ಹೇಳಿದಳು. ಪೊದೆಯೊಳಗಿನವರೂ ಒಬ್ಬೊಬ್ಬರಾಗಿ ಹೇಳಿದರು.

ಹಿಂದಿನ ದಿನ ಮಧ್ಯಾಹ್ನ ಡೇರೆಗೆ ಹೋದರೆ, ಸಾಹೇಬರನ್ನು ಬೆಂಗಳೂರಿಗೆ ಕರೆಸಿಕೊಂಡಿದ್ದರು. ಯಾವುದೋ ತುರ್ತು ಸಭೆ. ನಾಳೆ ಏರಿಯ ಮೇಲೆ ಇರುವವರು ಇನ್‌ಸ್ಪೆಕ್ಟರು ಒಬ್ಬರೇ.

"ಸಾಹೇಬರು ಬರ್ತಿಲ್ಲ ಅಂತ ಅಲ್ಲಿ ಹೇಳಬೇಡ" ಎಂದರು ಅವರು. "ಕರ್ಕೊಂಡು ಬಾ, ಅಷ್ಟೇ. ಬರದಿದ್ರೆ ನಾಡಿದ್ದು ನಾವೇ ಒಳಗೆ ಹೋಗ್ತೀವಿ."

ಹೊಡೆಯುವುದಿಲ್ಲ ತಾನೇ ಎಂದು ಕೇಳಿದೆ. ಅವ್ವನ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು. ಅವರು ಟೋಪಿ ಹಾಕಿಕೊಂಡು ಹೊರಗೆ ನಡೆದರು. ಡೇರೆಯ ಬಾಗಿಲಲ್ಲಿ ಕೂತಿದ್ದ ಪೇದೆಗಳು ನನ್ನ ಮುಖ ನೋಡದೆ ಬೇರೆ ಕಡೆ ನೋಡಿದರು. ಅವರ ಜೊತೆಗಾರನ ಕಣ್ಣು ಹೋಗಿತ್ತು. ಅವರ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ.

ಗಾಡಿದಾರಿಯಲ್ಲಿ ಅಷ್ಟು ನಿಧಾನವಾಗಿ ನಾನು ಎಂದೂ ನಡೆದಿರಲಿಲ್ಲ. ಹೇಳದಿದ್ದರೆ ಗಂಡಸರು ನಂಬಿಕೊಂಡು ಬರುತ್ತಾರೆ, ಊರ ಹೊರಗೆ ಯಾರೂ ಇಲ್ಲದ ಏರಿಯ ಮೇಲೆ ಸಿಕ್ಕಿಬೀಳುತ್ತಾರೆ. ಹೇಳಿದರೆ ಬರುವುದಿಲ್ಲ, ನಾಡಿದ್ದು ಪೊಲೀಸರು ನುಗ್ಗುತ್ತಾರೆ, ಮುಂದೆ ಕುಡುಗೋಲು ಹಿಡಿದು ನಿಂತಿರುವವರು ಹೆಂಗಸರು. ತಿರುಗಿ ತುಮಕೂರಿನ ಬಸ್ಸು ಹತ್ತಿ ಮನೆಗೆ ಹೋಗಿಬಿಡೋಣ ಎಂದೂ ಅನ್ನಿಸಿತು. ಹೋದರೆ ಊರಿನವರು ನಾಳೆ ಹೇಗೂ ಏರಿಗೆ ಬರುತ್ತಾರೆ. ಬಾಯಿ ಪಾಠ ಮಾಡಿಸಿದವಳು ನಾನೇ. ಯಾವ ಕಡೆ ಕಾಲಿಟ್ಟರೂ ಕೇಡು ತಪ್ಪುವ ಹಾಗಿರಲಿಲ್ಲ. ಅಳು ಬಂತು, ಸಿಟ್ಟೂ ಬಂತು. ಆ ಸಾಹೇಬರ ಮೇಲೆ, ಅವರ ಸಭೆಯ ಮೇಲೆ.

ಹಳ್ಳ ದಾಟಿದೆ. ಅವ್ವ ಎಂದಿನ ಹಾಗೆ ಕೈ ಹಿಡಿದಳು.

"ಸಾಹೇಬರು ನಾಳೆ ಬರಲ್ಲ ಅವ್ವ" ಎಂದೆ. "ಇನ್‌ಸ್ಪೆಕ್ಟರು ಮಾತ್ರ ಇರ್ತಾರೆ. ಇದನ್ನ ಹೇಳಬೇಡ ಅಂತ ನನಗೆ ಹೇಳಿದಾರೆ."

ಅವಳು ಕೈ ಬಿಟ್ಟಳು. ಹೆಂಗಸರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಸರ್ಕಾರದೋಳು ಕೊನೆಗೂ ಸರ್ಕಾರದೋಳೇ ಎಂದು ಒಬ್ಬಳು ಅಂದಳು. ನಾನು ಬಂದು ಹೇಳಿದ್ದಕ್ಕೇ ಈ ಮಾತು, ಹೇಳದೆ ಇದ್ದಿದ್ದರೆ ನಾಳೆ ನನ್ನನ್ನು ಹರಸುತ್ತಾ ಏರಿಗೆ ಹೋಗುತ್ತಿದ್ದರು. ಪೊದೆಯಿಂದ ಗಂಡಸರು ಬಂದರು. ಸುದ್ದಿ ಕೇಳಿ ಇನ್ನೂ ಒಳಗೆ, ಕಾವಲಿನ ಆಚೆಗೆ ಹೋಗಿಬಿಡೋಣ ಎಂದರು. ಹಾಗೆ ಹೋದರೆ ಇಲ್ಲಿ ಉಳಿಯುವವರ ಗತಿ ಏನು ಎಂದು ಅವ್ವ ಕೇಳಿದಳು.

ಆಗ ನನಗೆ ಹೊಳೆದದ್ದನ್ನು ಹೇಳಿಬಿಟ್ಟೆ. ಅದನ್ನು ಹೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ. ನಾಳೆ ಗುಬ್ಬಿಯ ಸಂತೆ. ಏರಿಯ ಮೇಲೆ ನೋಡುವವರಿಲ್ಲ, ಸಂತೆಯಲ್ಲಿ ಸುತ್ತಲಿನ ಅಷ್ಟೂ ಊರಿನ ಜನ ಇರುತ್ತಾರೆ. ಹೆಂಗಸರು, ಮಕ್ಕಳು, ಗಂಡಸರು ಎಲ್ಲರೂ ಒಟ್ಟಿಗೆ, ಕೈಯಲ್ಲಿ ಏನೂ ಇಲ್ಲದೆ, ಕಾವಲಿನ ಹಿಂದಿನ ದಾರಿಯಿಂದ ಸಂತೆಗೆ ಹೋಗುವುದು. ಸಂತೆಯ ನಡುವೆಯೇ ಹಾದು ತಾಲ್ಲೂಕು ಕಚೇರಿಯ ಬಾಗಿಲಿಗೆ ನಡೆಯುವುದು. ಅಲ್ಲಿನ ಮುಖ್ಯಸ್ಥರಾದ ಅಮಲ್ದಾರರನ್ನು ಹೊರಗೆ ಕರೆದು, ನಾವೇ ಬಂದಿದ್ದೇವೆ ಎನ್ನುವುದು. ಅಷ್ಟು ಜನರ ಕಣ್ಣ ಮುಂದೆ ಯಾರೂ ಕೈ ಎತ್ತಲಾರರು.

"ನೀನು ಜೊತೇಲಿ ಬರ್ತೀಯಾ ಅಕ್ಕಾ?" ಎಂದು ಅವ್ವನ ಮಗ ಕೇಳಿದ.

ಬರ್ತೀನಿ ಎಂದೆ. ನನ್ನ ಕೆಲಸ ಹೋಯಿತು ಎಂದುಕೊಂಡೇ ಹೇಳಿದೆ.

ಮಾರನೆಯ ದಿನ ಪೊಲೀಸರು ಏರಿಯ ಮೇಲೆ ಕಾಯುತ್ತಿದ್ದಾಗ ನಾವು ಗುಬ್ಬಿ ಸಂತೆಯಲ್ಲಿ ಈರುಳ್ಳಿ ರಾಶಿಗಳ ನಡುವೆ ನಡೆಯುತ್ತಿದ್ದೆವು. ವ್ಯಾಪಾರ ನಿಂತಿತು. ಜನ ಎದ್ದು ದಾರಿ ಬಿಟ್ಟು, ಆಮೇಲೆ ನಮ್ಮ ಹಿಂದೆಯೇ ಬಂದರು. ಅಮಲ್ದಾರರು ವಯಸ್ಸಾದವರು, ಊಟಕ್ಕೆ ಹೊರಟಿದ್ದರು. ಬಾಗಿಲಿಗೆ ಬಂದು ಜನ ನೋಡಿ ಗಾಬರಿಯಾದರು, ವಿಷಯ ತಿಳಿದ ಮೇಲೆ ಸುಧಾರಿಸಿಕೊಂಡರು. ಒಬ್ಬೊಬ್ಬರ ಹೆಸರು ಕೇಳಿ ಬರೆಸಿಕೊಂಡು, ನೀರು ಕೊಡಿಸಿ, ಜಗುಲಿಯ ಮೇಲೆ ಕೂರಿಸಿದರು. ಇನ್‌ಸ್ಪೆಕ್ಟರ ಜೀಪು ಬಂದಾಗ ಜಗುಲಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಅವರು ನನ್ನನ್ನು ನೋಡಿದ ನೋಟ ನಾನು ಮರೆತಿಲ್ಲ. ಆದರೆ ಯಾರ ಮೈಯನ್ನೂ ಮುಟ್ಟಲಿಲ್ಲ, ಅಂದೂ ಇಲ್ಲ, ಲಾಕಪ್ಪಿನಲ್ಲೂ ಇಲ್ಲ. ರಾಗಿ ಕೊಯ್ಲಾಯಿತು. ಭೂಮಿ ಮಾತ್ರ ಫಾರಂ ಪಾಲಾಯಿತು.

ಆದೇಶ ಮೀರಿದ್ದಕ್ಕೆ ನನಗೆ ಮೆಮೊ ಬಂತು. ಕುಣಿಗಲ್ಲಿಗೆ ವರ್ಗ ಮಾಡಿದರು. ತವರಿಗೇ ಕಳಿಸಿದ್ದಾರೆ, ಶಿಕ್ಷೆ ಕೊಡುವುದೂ ಗೊತ್ತಿಲ್ಲ ಎಂದು ಯಜಮಾನರು ತಮಾಷೆ ಮಾಡಿದರು. ಮುಗಿಯಿತು ಎಂದುಕೊಂಡು ಮತ್ತೆ ಒಲೆ ಕಟ್ಟಿಸಲು ಹೊರಟೆ.

ಕೆಲವು ತಿಂಗಳ ಮೇಲೆ ತುಮಕೂರಿನ ಕೋರ್ಟಿನಿಂದ ಸಮನ್ಸು ಬಂತು. ಸರ್ಕಾರದ ಕಡೆಯ ಸಾಕ್ಷಿ ನಾನು. ಆ ಗಲಾಟೆಯಲ್ಲಿ ಕಲ್ಲು ಯಾರ ಕೈಯಿಂದ ಹೋಯಿತೆಂದು ಕಂಡವರು ಯಾರೂ ಇರಲಿಲ್ಲ. ಆದರೆ ಹೊರಗಿನವಳಾಗಿ ಪೊದೆಯೊಳಗಿನ ಗಂಡಸರ ಜೊತೆ ಮಾತಾಡಿದ್ದವಳು ನಾನೊಬ್ಬಳೇ. ಮನೆ ಮಗಳ ಮುಂದೆ ಅವರು ಏನಾದರೂ ಬಾಯಿ ಬಿಟ್ಟಿರುತ್ತಾರೆ ಎಂದು ಇನ್‌ಸ್ಪೆಕ್ಟರು ಲೆಕ್ಕ ಹಾಕಿದ್ದರು. ಅವರ ಲೆಕ್ಕ ಸರಿಯಾಗಿತ್ತು.

ಯಜಮಾನರು ಜೊತೆಗೆ ಬಂದರು. ಏನು ಹೇಳುತ್ತೀಯ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಆ ಪೇದೆ ಕೂತಿದ್ದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಒಂದು ಕಣ್ಣಿನ ಮೇಲೆ ಬಟ್ಟೆ ಕಟ್ಟಿತ್ತು. ಅವನೂ ಯಾವುದೋ ಊರಿನ ರಾಗಿ ತಿಂದು ಬೆಳೆದವನೇ. ಅವನಿಗೂ ಒಬ್ಬಳು ತಾಯಿ ಇರಬೇಕು. ಅವ್ವ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಅವಳ ಮಗ ಆರೋಪಿಗಳ ಸಾಲಿನಲ್ಲಿ ನಿಂತಿದ್ದ, ಗಡ್ಡ ತೆಗೆದಿದ್ದರಿಂದ ಇನ್ನೂ ಚಿಕ್ಕವನಂತೆ ಕಾಣುತ್ತಿದ್ದ.

ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದೆ. ಸರ್ಕಾರಿ ವಕೀಲರು ಅಲ್ಲಿ ಇಲ್ಲಿ ಕೇಳಿ ಕೊನೆಗೆ ಅಲ್ಲಿಗೇ ಬಂದರು. ಕಲ್ಲು ಹೊಡೆದದ್ದು ತಾನೇ ಎಂದು ಈ ಆರೋಪಿಗಳಲ್ಲಿ ಯಾರಾದರೂ ನಿಮ್ಮ ಮುಂದೆ ಹೇಳಿದ್ದುಂಟೇ? ಹೌದು ಎಂದರೆ, ನಂಬಿ ಹೇಳಿದವನನ್ನು ಜೈಲಿಗೆ ಹಾಕಿದ ಹಾಗೆ. ಇಲ್ಲ ಎಂದರೆ, ಆ ಬಟ್ಟೆ ಕಟ್ಟಿಕೊಂಡು ಕೂತವನ ಎದುರಿಗೆ ಪ್ರಮಾಣ ಮಾಡಿ ಸುಳ್ಳು ಹೇಳಿದ ಹಾಗೆ. ಕಟಕಟೆಯ ಕಂಬಿ ಹಿಡಿದು ನಿಂತೆ. ನ್ಯಾಯಾಧೀಶರು ಉತ್ತರ ಹೇಳಮ್ಮ ಎಂದರು. ಇನ್ನೊಮ್ಮೆ ಎಂದರು.

"ಸ್ವಾಮಿ, ಅಕ್ಕನ್ನ ಕೇಳ್ಬ್ಯಾಡಿ" ಎಂಬ ದನಿ ಬಂತು. "ಕಲ್ಲು ಹೊಡ್ದೋನು ನಾನೇ."

ಅವನ ವಕೀಲರು ಎದ್ದು ಅವನ ತೋಳು ಹಿಡಿದರು. ಯೋಚನೆ ಮಾಡಿ ಮಾತಾಡು, ಇದರಿಂದ ನಿನಗೆ ಶಿಕ್ಷೆಯಾಗುತ್ತದೆ ಎಂದು ನ್ಯಾಯಾಧೀಶರು ಎಚ್ಚರಿಸಿದರು. ಅವನು ಅದನ್ನೇ ಇನ್ನೊಮ್ಮೆ ಹೇಳಿದ. ಹಿಂದಿನ ಬೆಂಚಿನ ಪೇದೆ ತಲೆ ತಗ್ಗಿಸಿಕೊಂಡ. ನೀವು ಹೋಗಬಹುದು ಎಂದು ನನಗೆ ಹೇಳಿದರು. ಕಟಕಟೆಯಿಂದ ಇಳಿದೆ.

ಹೊರಗಿನ ಜಗುಲಿಯಲ್ಲಿ ಅವ್ವ ನನ್ನ ಹಿಂದೆಯೇ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಒಳ್ಳೆಯದು ಎಂದೂ ಅನಿಸಿತ್ತು. ಅವಳು ಬೈಯಲಿಲ್ಲ.

"ಅವ್ನು ಬಾಯಿ ಬುಡದೇ ಇದ್ದಿದ್ರೆ ನೀನು ಏನಂತಿದ್ದೆ ಮಗಾ?" ಎಂದು ಕೇಳಿದಳು.

"ಗೊತ್ತಿಲ್ಲ ಅವ್ವ" ಎಂದೆ. ಅದು ನಿಜವಾಗಿತ್ತು.

"ಅವ್ನಿಗೂ ಗೊತ್ತಿರ್ಲಿಲ್ಲ. ಅದಕ್ಕೇ ಹೇಳ್ಬುಟ್ಟ" ಎಂದಳು ಅವ್ವ. ಸೆರಗು ಸರಿಮಾಡಿಕೊಂಡು, ಮಗನನ್ನು ಹತ್ತಿಸುತ್ತಿದ್ದ ವ್ಯಾನಿನ ಕಡೆಗೆ ನಡೆದಳು.